ಪಡು ಬದಿಯ ತಂತಿ

ಮುದ್ದಣ್ಣ ಮೇಸ್ತ್ರಿಯ ಮನೆಯಲ್ಲಿ ಎಡ, ಬಲ ಎನ್ನುವ ಮಾತಿಗೆ ಕೆಲಸವೇ ಇರಲಿಲ್ಲ. ಮೂಡು, ಪಡು, ತೆಂಕು, ಬಡಗು, ಈ ನಾಲ್ಕು ದಿಕ್ಕುಗಳಲ್ಲಿ ಎಲ್ಲವೂ ಮುಗಿಯುತ್ತಿತ್ತು. ಹಿರಿಯಡ್ಕದ ಸುತ್ತಮುತ್ತ ಹಳಬರು ಹಾಗೆಯೇ ಆಡುವುದು, ಆದರೆ ಈ ಮನೆಯಲ್ಲಿ ಅದು ಸ್ವಲ್ಪ ಅತಿಯೇ ಆಗಿತ್ತು. ಊಟಕ್ಕೆ ಕುಳಿತ ಮಗನಿಗೆ ತಾಯಿ ಅಪ್ಪಿ, "ಪಡು ಬದಿಗೆ ಸ್ವಲ್ಪ ಜರುಗು, ಸಾರಿನ ಪಾತ್ರೆ ಇಡಲಿಕ್ಕುಂಟು" ಎನ್ನುವಳು. ಬೆನ್ನು ಕೆರೆಯಲು ಹೇಳಿದರೂ "ಇನ್ನೂ ಸ್ವಲ್ಪ ಮೂಡಕ್ಕೆ" ಎಂದೇ ಹೇಳುವಳು.

ಮೇಸ್ತ್ರಿಯ ಕಸುಬೂ ಇದರ ಮೇಲೆಯೇ ನಿಂತಿತ್ತು. ಬಾಗಿಲು ಕೂರುವ ದಾರಂದ, ಕಿಟಕಿ, ಹೆಂಚಿನ ಮಾಡಿನ ಪಕ್ಕಾಸು ಯಾವುದೇ ಇರಲಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು ತೆಗೆದು ಅದರ ಮೇಲೆ 'ಮೂ' ಅಥವಾ 'ಪ' ಎಂದು ಬರೆದ ಮೇಲೆಯೇ ಅದು ಶೆಡ್ಡಿನಿಂದ ಹೊರಗೆ ಹೋಗುವುದು. ಕಾಪುವಿನಲ್ಲೋ ಬೆಳ್ಮಣ್ಣಿನಲ್ಲೋ ಮನೆ ಕಟ್ಟುವವರು ಗುರುತು ನೋಡಿ ಮೂಡಿನದನ್ನು ಮೂಡಕ್ಕೆ, ಪಡುವಿನದನ್ನು ಪಡುವಕ್ಕೆ ಕೂರಿಸಿದರೆ ಸಾಕು. ತನ್ನ ಕೈಯ ಬಾಗಿಲು ಇವತ್ತಿನವರೆಗೆ ಒಂದಾದರೂ ಹಿಂದು ಮುಂದಾದದ್ದು ಇಲ್ಲವೆಂದು ಮೇಸ್ತ್ರಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಆ ಶೆಡ್ಡಿನೊಳಗೆ ಈಗ ಒಂದು ವಿಮಾನ ನಿಂತಿತ್ತು. ಮೇಸ್ತ್ರಿಯ ಒಬ್ಬನೇ ಮಗ ಭೋಜ ವಾಯುಸೇನೆಯಲ್ಲಿ ಫಿಟ್ಟರ್ ಆಗಿದ್ದು, ಪೆನ್ಷನ್ ಹಿಡಿದು ಊರಿಗೆ ಬಂದು, ಮಣಿಪಾಲದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಅರ ಹಿಡಿಯಲು ಕಲಿಸುತ್ತಿದ್ದ. ಬೇರೆಯವರ ವಿಮಾನ ರಿಪೇರಿ ಮಾಡಿ ಮಾಡಿ ಅವನಿಗೆ ತನ್ನದೇ ಒಂದು ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ಒಬ್ಬನೇ ಕುಳಿತು ಹಾರಿಸುವಷ್ಟು ಸಣ್ಣದು. ಮರ, ಪ್ಲೈವುಡ್, ಬಟ್ಟೆ, ಹಳೆಯ ಎಂಜಿನ್ನು. ಊರವರು ಮೊದಮೊದಲು ನೋಡಲು ಬರುತ್ತಿದ್ದರು, ಆಮೇಲೆ ನಗಲು ಬಂದರು, ಕೊನೆಗೆ ಎರಡೂ ಬಿಟ್ಟರು. ಬಿಡದಿದ್ದವನು ಅಪ್ಪ ಒಬ್ಬನೇ.

"ಆಯಿಶಮ್ಮನ ಬಾಗಿಲು ಎಲ್ಲಿ ಕೂಡಿಸುವುದು ನಾನು? ನನ್ನ ತಲೆಯ ಮೇಲಾ?" ಎಂದು ಮೇಸ್ತ್ರಿ ರಾತ್ರಿ ಗಂಜಿಯ ಮುಂದೆ ಶುರು ಮಾಡಿದ. ಆಯಿಶಮ್ಮ ಎಂದರೆ ಕಾಪುವಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ವಿಧವೆ. ಮಗ ಉಸ್ಮಾನ್ ಗಲ್ಫಿನ ಬಂದರಿನಲ್ಲಿ ಕ್ರೇನು ನಡೆಸಿ ಕಳಿಸಿದ್ದರಲ್ಲಿ ಎದ್ದ ಮನೆ ಅದು. ಬಾಗಿಲು ಕಿಟಕಿ ಎಲ್ಲ ಮುದ್ದಣ್ಣನದೇ ಗುತ್ತಿಗೆ.

"ಇನ್ನೆರಡು ತಿಂಗಳು ಅಪ್ಪ."

"ನಾಲ್ಕು ವರ್ಷದಿಂದ ನಿನ್ನದು ಎರಡೇ ತಿಂಗಳು."

"ಮಾವ, ಅವರು ಬೇರೆಯವರ ಹಾಗೆ ಗಡಂಗಿಗೆ ಕುಡಿಯಲಿಕ್ಕೆ ಹೋಗುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಇದೊಂದು ಉಂಟು" ಎಂದಳು ಸೊಸೆ ಬೇಬಿ. ಅವಳು ಕಾರ್ಕಳದವಳು, ಗಂಡನ ಪರವಾಗಿ ಮಾತಾಡಲು ಯಾರ ಅಪ್ಪಣೆಯನ್ನೂ ಕೇಳುವವಳಲ್ಲ.

"ಗಡಂಗಿನದ್ದು ಬೆಳಿಗ್ಗೆ ಇಳಿಯುತ್ತದೆ ಮಗಾ. ಇದು ಇಳಿಯುವುದೇ ಇಲ್ಲ."

"ಮೊದಲು ಏರಲಿ, ಮತ್ತೆ ಇಳಿಯುವ ಮಾತು" ಎಂದು ಅಪ್ಪಿ ಒಣಮೀನಿನ ಚಟ್ನಿ ಬಡಿಸಿದಳು. "ಗಂಜಿ ಆರಿದರೆ ಬಿಸಿ ಮಾಡುವವಳು ನಾನು. ಉಣ್ಣಿ ಈಗ."

ಆ ದಿನಗಳಲ್ಲಿ ಭೋಜ ವಿಮಾನಕ್ಕೆ ಕಡಿವಾಣ ತೊಡಿಸುತ್ತಿದ್ದ. ಕೂರುವವನ ಮುಂದೆ ಒಂದು ಕೋಲು. ಕೋಲಿನ ಬುಡದಲ್ಲಿ, ಸೀಟಿನ ಹಲಗೆಯ ಕೆಳಗೆ, ಒಂದು ಕಬ್ಬಿಣದ ಅಡ್ಡಪಟ್ಟಿ. ಪಟ್ಟಿಯ ಎರಡು ತುದಿಗಳಿಂದ ಎರಡು ಉಕ್ಕಿನ ತಂತಿ ಹೊರಟು, ಒಂದೇ ತೂತಿನಲ್ಲಿ ನುಗ್ಗಿ, ಸಣ್ಣ ರಾಟೆಗಳ ಮೇಲೆ ಹಾದು ಎರಡು ರೆಕ್ಕೆಗಳೊಳಗೆ ಹೋಗುತ್ತವೆ. ರೆಕ್ಕೆಯ ಹಿಂಬದಿಯಲ್ಲಿ, ತುದಿಯ ಹತ್ತಿರ, ಕೀಲಿನಲ್ಲಿ ಮೇಲೆ ಕೆಳಗೆ ಆಡುವ ಒಂದೊಂದು ಹಲಗೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರುಂಟು, ಮನೆಯಲ್ಲಿ ಅದನ್ನು ಕಿಟಕಿಯ ಪಡಿ ಎಂದಂತೆ ಪಡಿ ಎಂದೇ ಕರೆಯುತ್ತಿದ್ದರು. ಕೋಲು ಎಡಕ್ಕೆ ಒತ್ತಿದರೆ ಎಡದ ಪಡಿ ಮೇಲೇಳಬೇಕು, ಬಲದ್ದು ಕೆಳಗಿಳಿಯಬೇಕು; ಆಗ ಎಡದ ರೆಕ್ಕೆ ತಗ್ಗುತ್ತದೆ. ವಾಲಿದ ವಿಮಾನವನ್ನು ಸರಿಮಾಡುವ ಉಪಾಯ ಇಷ್ಟೇ. ಭೋಜ ಅದನ್ನು ಕೂಡಿಸಿ, ಆಡಿಸಿ, ಸರಿ ಇದೆಯೆಂದು ಕಂಡು, ನೆಲದ ಮೇಲೆ ಓಡಿಸಿ ನೋಡುವ ಪರವಾನಗಿ ತರಲು ಬೆಂಗಳೂರಿಗೆ ಹೋದ.

ಮಗನ ಬಸ್ಸು ಹೋದದ್ದೇ ಮೇಸ್ತ್ರಿ ಶೆಡ್ಡಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ. ವಿಮಾನದ ಮೂತಿ ಬಡಗಿನ ದೊಡ್ಡ ಬಾಗಿಲಿನ ಕಡೆಗಿತ್ತು. ರೆಕ್ಕೆಗಳು ಅಡ್ಡ ಬಂದು ಗರಗಸದ ಬೆಂಚಿಗೆ ಜಾಗವೇ ಇರಲಿಲ್ಲ. ಅದನ್ನು ತೆಂಕು ಮುಖ ಮಾಡಿ ನಿಲ್ಲಿಸಿದರೆ ಸಪುರದ ಬಾಲ ಬಾಗಿಲ ಬದಿಗೆ ಬರುತ್ತದೆ, ಆಯಿಶಮ್ಮನ ದಾರಂದಗಳನ್ನು ಮಲಗಿಸಬಹುದು. ಅವನು ಕೆಲಸದವರನ್ನು ಕರೆದ. ರೆಕ್ಕೆ ಕಳಚಿ ದೂರ ಇಡಬೇಕಾದರೆ ಸೀಟಿನ ಕೆಳಗಿನ ತಂತಿಗಳನ್ನೂ ಬಿಚ್ಚಬೇಕು. ಬಿಚ್ಚುವ ಮೊದಲು, ಕಸುಬು ತಿಳಿದವನಂತೆ, ಹಲಸಿನ ಮರದ ಎರಡು ಸಣ್ಣ ಚಕ್ಕೆ ತೆಗೆದು, ಪಡು ತುದಿಯ ತಂತಿಗೆ 'ಪ', ಮೂಡು ತುದಿಯದಕ್ಕೆ 'ಮೂ' ಎಂದು ಬರೆದು ದಾರದಲ್ಲಿ ಕಟ್ಟಿದ. ಒಡಲನ್ನು ಎತ್ತಿ ತಿರುಗಿಸಿದರು. ರೆಕ್ಕೆಗಳು ಬೋಲ್ಟಿಗೆ ಹೊಂದುವ ಕಡೆಗೇ ಕೂತವು, ಅದರಲ್ಲಿ ತಪ್ಪಲು ದಾರಿಯಿರಲಿಲ್ಲ. ಕೊನೆಗೆ ತೂತಿನಿಂದ ಜೋಡಿಯಾಗಿ ಹೊರಬಂದ ತಂತಿಗಳ ಚಕ್ಕೆ ನೋಡಿ, 'ಪ' ಇದ್ದದ್ದನ್ನು ಪಡು ತುದಿಗೆ, 'ಮೂ' ಇದ್ದದ್ದನ್ನು ಮೂಡು ತುದಿಗೆ ಸಿಕ್ಕಿಸಿ, ಮಗ ಮಾಡಿದ ಹಾಗೆಯೇ ಬಿಗಿದು, ಚಕ್ಕೆಗಳನ್ನು ಬಿಚ್ಚದೆಯೇ ಮೇಲೆ ಹಲಗೆ ಮುಚ್ಚಿದ. ಆ ದಿನ ಅವನಿಗೆ ಒಳ್ಳೆಯ ನಿದ್ದೆ ಬಂತು.

ಭೋಜ ಪರವಾನಗಿ ಹಿಡಿದು ಖುಷಿಯಲ್ಲಿ ಬಂದವನು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟ.

"ಯಾರು ಮುಟ್ಟಿದ್ದು ಇದನ್ನು?"

"ನಾನು" ಎಂದ ಮೇಸ್ತ್ರಿ. "ನನ್ನ ಶೆಡ್ಡಿನಲ್ಲಿ ಬೇರೆ ಯಾರು ಮುಟ್ಟುತ್ತಾರೆ?"

"ಇದು ಎತ್ತಿನ ಗಾಡಿ ಅಲ್ಲ ಅಪ್ಪ. ಒಳಗೆ ಮನುಷ್ಯ ಕೂರುತ್ತಾನೆ."

"ನಾನು ಮಾಡಿದ ಮನೆಯ ಒಳಗೆ ಎಂತ ಕೋಳಿ ಕೂರುತ್ತದಾ? ಗುರುತು ಹಾಕಿ ಬಿಚ್ಚಿದ್ದೇನೆ, ಗುರುತು ನೋಡಿ ಹಾಕಿದ್ದೇನೆ. ನನ್ನ ಗುರುತು ತಪ್ಪಿದ್ದನ್ನು ತೋರಿಸು, ಉಳಿ ಕೆಳಗಿಡುತ್ತೇನೆ."

ಅಪ್ಪಿ ಅಂಗಳದಿಂದಲೇ, "ನೆರೆಯವರಿಗೆ ಕೇಳುತ್ತದೆ" ಎಂದು ಗದರಿದಳು. ಭೋಜ ಬಾಯಿ ಮುಚ್ಚಿಕೊಂಡು ವಿಮಾನದೊಳಗೆ ನುಗ್ಗಿದ. ಹಲಗೆಯ ಸಂದಿಯಲ್ಲಿ ಕೈ ಹಾಕಿ ತಂತಿಯ ಬಿಗಿ ಮುಟ್ಟಿ ನೋಡಿದ, ಬಿಗಿ ಸರಿಯಿತ್ತು. ಆಮೇಲೆ ಬೇಬಿಯನ್ನು ರೆಕ್ಕೆಯ ಹತ್ತಿರ ನಿಲ್ಲಿಸಿ, ತಾನು ಮುಖ ಕೆಳಗೆ ಮಾಡಿ ಬಿದ್ದುಕೊಂಡು, ಒಂದು ಕೈ ತಂತಿಯ ಮೇಲೆಯೇ ಇಟ್ಟು, ಇನ್ನೊಂದರಲ್ಲಿ ಕೋಲನ್ನು ಎಡಕ್ಕೆ ಒತ್ತಿದ.

"ಪಡು ಬದಿಯ ಪಡಿ ಮೇಲೆ ಹೋಯಿತಾ?"

"ಹೋಯಿತು."

"ಮೂಡಿನದ್ದು?"

"ಕೆಳಗೆ."

"ಸರಿ" ಎಂದು ಭೋಜ ಎದ್ದು ಕೈ ಒರೆಸಿಕೊಂಡ. ಕೋಲು ಎಡಕ್ಕೆ ಎಂಬುದು ಅವನು ವಾಯುಸೇನೆಯಲ್ಲಿ ಕಲಿತದ್ದು, ಪಡು ಮೂಡು ತಾಯಿಯ ಅಡಿಗೆಮನೆಯಲ್ಲಿ ಕಲಿತದ್ದು. ನಾಲ್ಕು ವರ್ಷ ಆ ವಿಮಾನದ ಎಡ ರೆಕ್ಕೆ ಪಡುವಿಗೇ ಇತ್ತು. ಈಗ ಅದು ಮೂಡಿಗೆ ಬಂದಿದೆ ಎಂಬುದು ಅವನಿಗೂ ಹೊಳೆಯಲಿಲ್ಲ, ನಿಂತು ಕೂಗಿದ ಬೇಬಿಗೂ ಹೊಳೆಯಲಿಲ್ಲ. ಅವಳು ಹೇಳಿದ್ದು ನಿಜವೇ ಆಗಿತ್ತು.

ನೆಲದ ಮೇಲೆ ಓಡಿಸಿ ನೋಡುವವನು ಉಸ್ಮಾನ್. ಗಲ್ಫಿಗೆ ಹೋಗುವ ಮೊದಲು ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸ್ವಲ್ಪ ಕಾಲ ಕಲಿತಿದ್ದ, ರಜೆಗೆ ಬಂದಾಗಲೆಲ್ಲ ಭೋಜನ ಶೆಡ್ಡಿನಲ್ಲೇ ಬೀಡು. ಅವನು ಬರುತ್ತಾನೆಂದರೆ ಅಪ್ಪಿ ಹಲಾಲಿನ ತೊಂದರೆ ಬಾರದಿರಲೆಂದು ಕೋಳಿ ಮಾಡದೆ ಬಂಗುಡೆ ಮೀನು ತರಿಸುತ್ತಿದ್ದಳು.

ಆ ವಾರವೇ ಮುದ್ದಣ್ಣ ದಾರಂದ ಕೂರಿಸಲು ಕಾಪುವಿಗೆ ಹೋದ. ಸಾಮಾನು ಲಾರಿಯಲ್ಲಿ, ಮೇಸ್ತ್ರಿ ಬಸ್ಸಿನಲ್ಲಿ. ಆಯಿಶಮ್ಮ ಚಹಾದ ಜೊತೆ ಕಲ್ತಪ್ಪ ಕೊಟ್ಟು, ದಾರಂದ ತಟ್ಟಿ ನೋಡಿ, ಆಮೇಲೆ ಮೆಲ್ಲಗೆ ಕೇಳಿದಳು.

"ನನ್ನ ಮಗ ಅದರಲ್ಲಿ ಕೂರುತ್ತಾನಂತೆ ಮೇಸ್ತ್ರಿ. ಭಯ ಏನಾದರೂ ಉಂಟಾ?"

"ಹಾರಿಸಲಿಕ್ಕೆ ಅಲ್ಲ, ನೆಲದ ಮೇಲೆ ಓಡಿಸಲಿಕ್ಕೆ ಮಾತ್ರ. ಮರದ ಕೆಲಸ ಎಲ್ಲ ನಾನೇ ನೋಡಿದ್ದೇನೆ."

"ನೀವು ನೋಡಿದ್ದರೆ ಸಾಕು" ಎಂದು ಆಯಿಶಮ್ಮ ಇನ್ನೊಂದು ತುಂಡು ಕಲ್ತಪ್ಪ ಹಾಕಿದಳು.

ಸಂಜೆ ಉಡುಪಿಗೆ ಹಿಂದಿರುಗುವ ಬಸ್ಸು ಹತ್ತಿ ಮೇಸ್ತ್ರಿ ಬಿಸಿಲು ಬೀಳದ ಮೂಡು ಬದಿಯಲ್ಲಿ, ಡ್ರೈವರನ ಹಿಂದಿನ ಸೀಟು ಹಿಡಿದು ಕುಳಿತ. ಕೈಯಿಟ್ಟಲ್ಲಿ ರೆಕ್ಸಿನ್ ಹರಿದು ತೆಂಗಿನ ನಾರು ಹೊರಬಂದಿತ್ತು. ಬೆಳಿಗ್ಗೆ ಬರುವಾಗಲೂ ಇದೇ ನಾರು ತೊಡೆಗೆ ಚುಚ್ಚಿತ್ತಲ್ಲ ಎಂದು ಅವನಿಗೆ ನೆನಪಾಯಿತು. ಬೆಳಿಗ್ಗೆ ಅವನು ಬಿಸಿಲಿಗೆ ಹೆದರಿ ಕುಳಿತದ್ದು ಪಡು ಬದಿಯಲ್ಲಿ. ಈಗ ಕುಳಿತದ್ದು ಮೂಡು ಬದಿಯಲ್ಲಿ. ಸೀಟು ಮಾತ್ರ ಅದೇ, ಬಸ್ಸೂ ಅದೇ.

ಮೇಸ್ತ್ರಿ ಒಮ್ಮೆ ನಕ್ಕ. ಬಸ್ಸು ತಿರುಗಿತು, ಸೀಟಿನ ಪಡು ಹೋಗಿ ಮೂಡು ಬಂತು. ಮನೆಯಾಗಿದ್ದರೆ ಹೀಗಾಗುವುದಿಲ್ಲ, ಮನೆ ತಿರುಗುವುದಿಲ್ಲ. ಆ ಯೋಚನೆ ಮುಗಿಯುವಷ್ಟರಲ್ಲಿ ನಗು ನಿಂತಿತು. ವಿಮಾನವನ್ನು ತಿರುಗಿಸಿದ್ದು ತಾನೇ. 'ಪ' ಎಂದು ಬರೆದದ್ದು ತಿರುಗಿಸುವ ಮೊದಲು. ಅದನ್ನು ಪಡುವಿಗೆ ಕಟ್ಟಿದ್ದು ತಿರುಗಿಸಿದ ಮೇಲೆ. ಹಾಗಾದರೆ ತಂತಿಗಳು ಅದಲು ಬದಲಾಗಿವೆ. ಕೋಲು ಒಂದು ಕಡೆ ಒತ್ತಿದರೆ ವಿಮಾನ ಇನ್ನೊಂದು ಕಡೆ ವಾಲುತ್ತದೆ. ಕಟಪಾಡಿ ದಾಟಿದ್ದು, ಉದ್ಯಾವರ ದಾಟಿದ್ದು ಅವನಿಗೆ ತಿಳಿಯಲಿಲ್ಲ. ಮನೆಗೆ ಹೋದ ಕೂಡಲೇ ಹೇಳಬೇಕು ಎಂದುಕೊಂಡ.

ಮನೆಗೆ ಹೋದರೆ ಭೋಜ ಎದ್ದು ನಿಂತು ಅಪ್ಪನ ಕೈಯಿಂದ ಚೀಲ ತೆಗೆದುಕೊಂಡ. ವರ್ಷಗಳಿಂದ ಕಾಣದ ಮರ್ಯಾದೆ.

"ಆ ದಿನ ನಾನು ಸ್ವಲ್ಪ ಹೆಚ್ಚು ಮಾತಾಡಿದೆ ಅಪ್ಪ" ಎಂದ. "ಆದಿತ್ಯವಾರ ವಿಮಾನವನ್ನು ಅಜೆಕಾರಿನ ಪದವು ಬಯಲಿಗೆ ಒಯ್ಯುವುದು. ನೀವೂ ಬರಬೇಕು."

ಮೇಸ್ತ್ರಿ ಚಾವಡಿಯಲ್ಲಿ ಕುಳಿತು ಕಾಲು ಒರೆಸಿಕೊಂಡ. "ಎಲ್ಲ ಸರಿ ನೋಡಿದ್ದೀಯಲ್ಲ? ತಂತಿ ಗಿಂತಿ?"

"ನೋಡಿದ್ದೇನೆ. ನೀವು ಮುಟ್ಟಿದ್ದು ಅಂತಲೇ ಬೇಬಿಯನ್ನು ನಿಲ್ಲಿಸಿ ಆಡಿಸಿ ನೋಡಿದ್ದೇನೆ."

ಮಗನ ಮಾತಿನಲ್ಲಿ ಮುಳ್ಳು ಇತ್ತೋ ಇಲ್ಲವೋ, ಮೇಸ್ತ್ರಿಗೆ ಚುಚ್ಚಿತು. ಚುಚ್ಚಿದ್ದರ ಜೊತೆಗೆ ಹಗುರವೂ ಆಯಿತು. ಅವನೇ ನೋಡಿದ್ದಾನಂತೆ. ಹದಿನೈದು ವರ್ಷ ವಿಮಾನದ ಕೆಲಸ ಮಾಡಿದವನು. ಬಸ್ಸಿನಲ್ಲಿ ಹೊಳೆದದ್ದೇ ತಪ್ಪಿರಬಹುದು. ಹಲಗೆ ತೆಗೆದು ನೋಡು ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಉಳಿ ಕೆಳಗಿಡುತ್ತೇನೆಂದು ಅಂಗಳಕ್ಕೆ ಕೇಳುವಂತೆ ಹೇಳಿದ ಬಾಯಿಗೆ ಆ ಮಾತು ಬರಲಿಲ್ಲ.

ಆದಿತ್ಯವಾರ ಹೊರಡುವ ಮೊದಲು ಉಸ್ಮಾನ್ ಇಲ್ಲಿಯೇ ಊಟ ಮಾಡಿದ. ಬಂಗುಡೆಯ ಪುಳಿಮುಂಚಿ, ನೀರುದೋಸೆ.

"ಇನ್ನೆರಡು ಹಾಕಮ್ಮ" ಎಂದ ಉಸ್ಮಾನ್. "ಭಾರ ಹೆಚ್ಚಾದರೆ ಭೋಜಣ್ಣನ ವಿಮಾನ ನೆಲ ಬಿಡುವುದಿಲ್ಲ, ನಮ್ಮ ಉಮ್ಮನಿಗೆ ಸಮಾಧಾನ."

"ರಜೆ ಎಷ್ಟು ಉಂಟು ಇನ್ನು?" ಎಂದು ಅಪ್ಪಿ ಕೇಳಿದಳು.

"ತಿಂಗಳ ಕೊನೆಗೆ ಹೋಗಬೇಕು. ತಡವಾದರೆ ಬೇರೆಯವನನ್ನು ಹತ್ತಿಸುತ್ತಾರೆ ಕ್ರೇನಿಗೆ."

ಮುದ್ದಣ್ಣ ಅವನ ಎದುರಿಗೇ ಕುಳಿತಿದ್ದ. ದೋಸೆ ಮುರಿದು ಮುರಿದು ಬಟ್ಟಲಲ್ಲೇ ಇಟ್ಟ. ಬೇಬಿ, "ಮಾವನಿಗೆ ಎಂತ ಆಯಿತು ಇವತ್ತು?" ಎಂದರೆ, "ಹಲ್ಲು ನೋವು" ಎಂದ.

ಪದವು ಎಂದರೆ ಕೆಂಪು ಮುರಕಲ್ಲಿನ ಬಯಲು, ಜನವರಿಯ ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಬೋಲ್ಟು ಮಾತ್ರ ತೆಗೆದು, ರೆಕ್ಕೆಗಳನ್ನು ಒಡಲ ಪಕ್ಕದಲ್ಲೇ ಕಟ್ಟಿ, ತಂತಿ ಬಿಚ್ಚದೆ ಹಾಗೆಯೇ ಲಾರಿಯಲ್ಲಿ ತಂದಿದ್ದರು. ಅಲ್ಲಿ ಬೋಲ್ಟು ಹಾಕಿ ನಿಲ್ಲಿಸಿದರು. ಉಸ್ಮಾನ್ ಹತ್ತಿ ಕುಳಿತು ಕೋಲನ್ನು ಸುತ್ತಲೂ ಆಡಿಸಿ, "ಬೆಣ್ಣೆ ಹಾಗೆ ಆಡುತ್ತದೆ ಭೋಜಣ್ಣ" ಎಂದ. ಆಡುತ್ತದೆಯೋ ಎಂದು ಎಲ್ಲರೂ ನೋಡಿದರು, ಯಾವ ಕಡೆಗೆ ಎಂದು ಒಬ್ಬನೂ ನೋಡಲಿಲ್ಲ. ಮುದ್ದಣ್ಣನೊಬ್ಬ ನೋಡಬಹುದಿತ್ತು. ಅವನು ಲಾರಿಯ ನೆರಳಿನಲ್ಲಿ ನಿಂತು ಬೀಡಿ ಹಚ್ಚುವ ನೆವದಲ್ಲಿ ಮುಖ ಬೇರೆ ಕಡೆ ಮಾಡಿದ್ದ.

ಮೊದಲ ಸಲ ಓಡಿದ್ದು ಚೆನ್ನಾಗಿಯೇ ಓಡಿತು. ಬೇಬಿ ಚಪ್ಪಾಳೆ ತಟ್ಟಿದಳು. ಎರಡನೆಯ ಸಲಕ್ಕೆ ಹೊತ್ತು ತಿರುಗಿ ಕಡಲ ಗಾಳಿ ಎದ್ದಿತ್ತು. ವಿಮಾನ ವೇಗ ಹಿಡಿದದ್ದೇ ಗಾಳಿ ಒಂದು ರೆಕ್ಕೆಯ ಕೆಳಗೆ ನುಗ್ಗಿ ಅದನ್ನು ಎತ್ತಿತು. ಉಸ್ಮಾನ್ ಅದನ್ನು ತಗ್ಗಿಸಲು ಕೋಲನ್ನು ಅದೇ ಬದಿಗೆ ಒತ್ತಿರಬೇಕು. ರೆಕ್ಕೆ ಇನ್ನೂ ಮೇಲೆದ್ದಿತು. ಅವನು ಇನ್ನೂ ಜೋರಾಗಿ ಒತ್ತಿದ. ಕೆಳಗಿನ ರೆಕ್ಕೆಯ ತುದಿ ಕಲ್ಲಿಗೆ ತಾಗಿ, ವಿಮಾನ ಗರ್ರನೆ ತಿರುಗಿ, ಮಗುಚಿಬಿತ್ತು. ನಾಲ್ಕು ವರ್ಷದ ಮರದ ಕೆಲಸ ಬೆಂಕಿಕಡ್ಡಿಯ ಹಾಗೆ ಮುರಿಯುವ ಸದ್ದು ಲಾರಿಯವರೆಗೆ ಕೇಳಿತು.

ಜೀವಕ್ಕೆ ಏನೂ ಆಗಲಿಲ್ಲ. ಆದರೆ ಉಸ್ಮಾನನ ಬಲಗೈ ಮೊಣಕೈಯ ಮೇಲೂ ಕೆಳಗೂ ಮುರಿದಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಮರುದಿನ ಅಪ್ಪಿ ಕೊಟ್ಟ ಕ್ಯಾರಿಯರಿನಲ್ಲಿ ಗಂಜಿ ಹಿಡಿದು ಮುದ್ದಣ್ಣ ವಾರ್ಡಿಗೆ ಹೋದಾಗ ಭೋಜ ಆಯಿಶಮ್ಮನ ಮುಂದೆ ನಿಂತಿದ್ದ.

"ತಪ್ಪು ನನ್ನದು" ಎನ್ನುತ್ತಿದ್ದ. "ತಂತಿ ಅದಲು ಬದಲು ಕಟ್ಟಿದ್ದೆ. ನೋಡಿ ಬಿಡಬೇಕಾದವನು ನಾನೇ."

"ನನ್ನ ಮಗನ ಕೈ ಹೋಯಿತಲ್ಲ ಭೋಜ" ಎಂದಳು ಆಯಿಶಮ್ಮ. ಅವಳು ಬಯ್ಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ಮೇಸ್ತ್ರಿಯನ್ನು ಕಂಡು ಮಾತ್ರ ಎದ್ದಳು. "ಬನ್ನಿ ಮೇಸ್ತ್ರಿ. ನಿಮ್ಮ ಮೇಲೆ ನನಗೆ ಎಂತದೂ ಇಲ್ಲ. ಮಗ ಹಾಗೆ ಮಾಡಿದರೆ ನೀವೆಂತ ಮಾಡುವುದು?"

ಈಗ ಹೇಳಬೇಕಿತ್ತು. ಮುದ್ದಣ್ಣನ ಬಾಯಿ ತೆರೆಯಿತು ಕೂಡ. ತೆರೆದ ಬಾಯಲ್ಲಿ ಅವನು, "ಗಂಜಿ ತಂದಿದ್ದೇನೆ" ಎಂದ. ಮಗ ತನ್ನ ಕಡೆ ಒಮ್ಮೆ ನೋಡಿ ಹೊರಗೆ ಹೋದದ್ದು ಅವನಿಗೆ ಕಂಡಿತು. ಮೆಟ್ಟಿಲಿಳಿಯುವಾಗ ಮುದ್ದಣ್ಣನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಲ್ಲಿಂದ ಮನೆ ಮನೆಯಂತಿರಲಿಲ್ಲ. ಮುರಿದ ವಿಮಾನವನ್ನು ತಂದು ಶೆಡ್ಡಿನ ಮೂಲೆಯಲ್ಲಿ ರಾಶಿ ಹಾಕಿದ್ದರು. ಭೋಜ ಆ ಕಡೆ ಹೋಗುವುದು ಬಿಟ್ಟ. ಬೆಳಿಗ್ಗೆ ಮಣಿಪಾಲಕ್ಕೆ ಹೋಗುವುದು, ಸಂಜೆ ಬರುವುದು, ಬಡಿಸಿದ್ದನ್ನು ಅರ್ಧ ತಿಂದು ಏಳುವುದು. ಆದಿತ್ಯವಾರವೂ ಮನೆಯಲ್ಲಿ ಇರುತ್ತಿರಲಿಲ್ಲ. ಎಲ್ಲಿಗೆ ಎಂದು ಕೇಳಿದರೆ "ಕೆಲಸ ಉಂಟು" ಎನ್ನುತ್ತಿದ್ದ. ಉಸ್ಮಾನನ ಜಾಗಕ್ಕೆ ಕ್ರೇನಿಗೆ ಬೇರೆಯವನನ್ನು ಹತ್ತಿಸಿದರು ಎಂಬ ಸುದ್ದಿ ಬಂದ ದಿನ ಅಪ್ಪಿ ಮಗನನ್ನು ಹಿಡಿದುಕೊಂಡಳು.

"ನಿನ್ನ ಚಪಲಕ್ಕೆ ಇನ್ನೊಬ್ಬರ ಮನೆಯ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ. ಅಪ್ಪ ಬಾಯಿ ಬಾಯಿ ಬಡಿದುಕೊಂಡರು, ಬೇಡ ಬೇಡ ಅಂತ. ಕೇಳಿದೆಯಾ?"

"ಅತ್ತೆ, ಸಾಕು" ಎಂದಳು ಬೇಬಿ.

"ನೀನು ಸುಮ್ಮನಿರು. ತಾಳ ಹಾಕಿದವಳು ನೀನು."

ಬೇಬಿ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹೊರಗೆ ಹೋದಳು. ಭೋಜ ತಲೆ ತಗ್ಗಿಸಿ ಕೇಳಿದ. ಮುದ್ದಣ್ಣ ಹುರುಳಿ ಸಾರು ಕಲಸಿಕೊಂಡು ಉಂಡ. ಹೆಂಡತಿ ಮಗನಿಗೆ ಹಾಕಿದ ಒಂದೊಂದು ಬೈಗುಳವೂ ತನ್ನ ಬಟ್ಟಲಿಗೇ ಬೀಳಬೇಕಾದದ್ದು ಎಂದು ಗೊತ್ತಿದ್ದೂ ಉಂಡ.

ಒಂದು ಗುರುತು ಉಳಿದಿದೆ ಎಂಬುದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಆ ಎರಡು ಚಕ್ಕೆಗಳು. ತನ್ನ ಅಕ್ಷರ, ತನ್ನ ಪೆನ್ಸಿಲು. ಮಗ ನೋಡಿದರೆ ಕತೆ ಮುಗಿಯಿತು. ಒಂದು ಮಧ್ಯಾಹ್ನ ಮನೆಯವರು ಅಡ್ಡಾದ ಹೊತ್ತಿನಲ್ಲಿ ಅವನು ರಾಶಿಯೊಳಗೆ ಕೈ ಹಾಕಿದ. ಸೀಟಿನ ಹಲಗೆ ಸೀಳಿತ್ತು, ಅಡ್ಡಪಟ್ಟಿ ಸೊಟ್ಟಗಾಗಿತ್ತು, ತಂತಿಗಳೆರಡೂ ತುದಿಗೆ ಬಿಗಿದ ಹಾಗೆಯೇ ಇದ್ದವು. ಚಕ್ಕೆ ಇರಲಿಲ್ಲ. ಕಟ್ಟಿದ್ದ ದಾರವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು.

"ಎಂತ ಹುಡುಕುತ್ತೀರಿ ಮಾವ?" ಬಾಗಿಲಲ್ಲಿ ಬೇಬಿ ನಿಂತಿದ್ದಳು.

"ಒಂದು ಮೊಳೆ."

"ಅದು ಅಲ್ಲಿಲ್ಲ" ಎಂದಳು ಅವಳು. ಒಳಗೆ ಬಂದು ಗರಗಸದ ಬೆಂಚಿನ ಮೇಲೆ ಕುಳಿತಳು. "ಚಕ್ಕೆ ಪದವಿನಲ್ಲಿಯೇ ಅವರಿಗೆ ಕಂಡಿತು. ಕಿಸೆಗೆ ಹಾಕಿಕೊಂಡು ಬಂದು ಬಚ್ಚಲ ಒಲೆಗೆ ಹಾಕಿದರು. ಯಾರಿಗೂ ಹೇಳಬೇಡ ಅಂದರು. ನಾನು ಹೇಳಲಿಲ್ಲ. ಪಡು ಮೇಲೆ ಹೋಯಿತು ಅಂತ ಕೂಗಿದವಳು ನಾನೇ ಅಲ್ವಾ ಮಾವ, ನಾನು ಯಾವ ಬಾಯಲ್ಲಿ ಹೇಳುವುದು?"

ಮುದ್ದಣ್ಣ ರಾಶಿಯ ಪಕ್ಕದಲ್ಲಿ ಹಾಗೆಯೇ ಕುಳಿತುಬಿಟ್ಟ. ಆಸ್ಪತ್ರೆಯಲ್ಲಿ ಮಗ ತನ್ನ ಕಡೆ ನೋಡಿದ್ದು ಏಕೆಂದು ಈಗ ತಿಳಿಯಿತು. ಅಪ್ಪ ಬಾಯಿ ಬಿಡುತ್ತಾನೋ ಎಂದು ಅವನು ಕಾದಿದ್ದ. ಅಪ್ಪ ಗಂಜಿಯ ಮಾತಾಡಿದ್ದ.

"ಅವನಿಗೆ ಗೊತ್ತಿದ್ದು ಅಪ್ಪಿಯ ಬೈಗುಳ ಕೇಳಿದನಾ?"

"ಕೇಳಿದರು."

ಮೇಸ್ತ್ರಿ ಎದ್ದ. ಹಲಸಿನ ಒಂದು ತುಂಡು ಹುಡುಕಿ, ಉಳಿಯಿಂದ ಎರಡು ಚಕ್ಕೆ ಎಬ್ಬಿಸಿ, ಕಿವಿಯ ಪೆನ್ಸಿಲು ತೆಗೆದು ಒಂದರ ಮೇಲೆ 'ಪ', ಇನ್ನೊಂದರ ಮೇಲೆ 'ಮೂ' ಎಂದು ಬರೆದ. ಎರಡಕ್ಕೂ ದಾರ ಕಟ್ಟಿ, ಸಂಜೆ ಮಗ ಬಂದಾಗ ಚಾವಡಿಯಲ್ಲಿ ಅವನ ಮುಂದೆ ಇಟ್ಟ. ಅಪ್ಪಿ ಅಲ್ಲಿಯೇ ಅಕ್ಕಿ ಆರಿಸುತ್ತಿದ್ದಳು.

"ಇದನ್ನು ಕಟ್ಟಿದ್ದು ನಾನು" ಎಂದ. "ತಪ್ಪಾಗಿದೆ ಅಂತ ಆ ಆದಿತ್ಯವಾರದ ಮೊದಲೇ ನನಗೆ ಹೊಳೆದಿತ್ತು. ಹೇಳಲಿಲ್ಲ."

ಅಪ್ಪಿಯ ಕೈ ಮೊರದ ಮೇಲೆ ನಿಂತಿತು. ಭೋಜ ಚಕ್ಕೆಗಳನ್ನು ನೋಡಿದ, ಮುಟ್ಟಲಿಲ್ಲ. ಮೊದಲೇ ಹೊಳೆದಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಉಸ್ಮಾನ್ ಊಟಕ್ಕೆ ಕೂತಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

ಭೋಜ ಚಕ್ಕೆಗಳನ್ನು ಅಪ್ಪನ ಕಡೆಗೇ ಸರಿಸಿ, "ಒಲೆಗೆ ಹಾಕಿ ಅಪ್ಪ" ಎಂದ. "ನನ್ನದು ಹೋದರೆ ಒಂದು ವಿಮಾನ. ನಿಮ್ಮ ಗುರುತು ತಪ್ಪುತ್ತದೆ ಅಂತಾದರೆ ಊರವರು ತಮ್ಮ ತಮ್ಮ ಮನೆಯ ಬಾಗಿಲು ಬಡಿದು ನೋಡುತ್ತಾರೆ."

"ನೋಡಲಿ. ನಾಳೆ ಆಯಿಶಮ್ಮನ ಮನೆಯ ಎದುರು ಬಾಗಿಲು ಕೂರಿಸಲಿಕ್ಕುಂಟು. ನಾಳೆ ಆದಿತ್ಯವಾರ, ನೀನು ಬಾ. ಹಲಗೆ ಹೊರಲಿಕ್ಕೆ ಜನ ಬೇಕು."

"ನಾನು ಹೇಗೂ ಬರುತ್ತೇನೆ" ಎಂದ ಭೋಜ. ಆ ಹೇಗೂ ಎಂಬ ಮಾತು ಮೇಸ್ತ್ರಿಗೆ ಆಗ ಅರ್ಥವಾಗಲಿಲ್ಲ.

ಕಾಪುವಿನಲ್ಲಿ ಬಾಗಿಲ ಹಲಗೆಗಳನ್ನು ಜಗಲಿಗೆ ಒರಗಿಸಿದ್ದೇ ಭೋಜ ಯಾರನ್ನೂ ಕೇಳದೆ ಬಾವಿಯ ಕಡೆಗೆ ನಡೆದು, ಕೊಡಪಾನಕ್ಕೆ ಹಗ್ಗ ಹಾಕಿ ನೀರು ಸೇದತೊಡಗಿದ. ಉಸ್ಮಾನ್ ಕೈಯನ್ನು ಎದೆಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತು ಅವನೊಡನೆ ಏನೋ ಮಾತಾಡುತ್ತಿದ್ದ. ಮುದ್ದಣ್ಣ ಕಣ್ಣು ಕಿರಿದು ಮಾಡಿ ನೋಡಿದ.

"ಅವನೆಂತಕ್ಕೆ ನೀರು ಸೇದುತ್ತಾನೆ?"

"ಎಲ್ಲ ಆದಿತ್ಯವಾರ ಬರುತ್ತಾನೆ" ಎಂದಳು ಆಯಿಶಮ್ಮ. "ಮೊದಲು ಉಸ್ಮಾನ್ ಸೇದುತ್ತಿದ್ದದ್ದು. ಇವನು ಬಂದು ತೊಟ್ಟಿ ತುಂಬಿಸಿ ಹೋಗುತ್ತಾನೆ. ಬೇಡ ಅಂತ ನಾನು ಹೇಳಲಿಲ್ಲ. ಕೂತುಕೋ ಅಂತಲೂ ಹೇಳಲಿಲ್ಲ."

ಮೇಸ್ತ್ರಿ ಅಂಗಿಯ ಕಿಸೆಯಿಂದ ಚಕ್ಕೆಗಳನ್ನು ತೆಗೆದು ಜಗಲಿಯ ಮೇಲೆ ಇಟ್ಟ. ಬರೆದದ್ದು, ತಿರುಗಿಸಿದ್ದು, ಕಟ್ಟಿದ್ದು, ಬಸ್ಸಿನ ಸೀಟು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಆಯಿಶಮ್ಮ ತಲೆಗೆ ಹೊದ್ದ ತಟ್ಟದ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತ ಕೇಳಿದಳು.

"ಅಂದರೆ ಅವನು ಕೂರುವ ಮೊದಲೇ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಮೇಸ್ತ್ರಿ? ಹೆದರಿಕೆಯಾ?"

"ಹೆದರಿಕೆಯೇ. ಉಸ್ಮಾನ್ ಬೀಳುತ್ತಾನೆ ಅಂತ ಅಲ್ಲ ಆಯಿಶಮ್ಮ. ಮಗನ ಎದುರು ನಾನು ಸಣ್ಣವನಾಗುತ್ತೇನೆ ಅಂತ."

ಬಾವಿಯ ರಾಟೆ ಕಿರ್ರೆನ್ನುತ್ತಿತ್ತು. ಆಯಿಶಮ್ಮ ಆ ಕಡೆಗೇ ನೋಡುತ್ತಿದ್ದಳು.

"ಇಷ್ಟು ವಾರ ನನ್ನ ಮನೆಗೆ ನೀರು ಸೇದಿದ" ಎಂದಳು. "ಒಂದು ಲೋಟ ನೀರು ಕುಡಿಯುತ್ತೀಯಾ ಅಂತ ನಾನು ಕೇಳಲಿಲ್ಲ. ಕೇಳದಷ್ಟು ಕೆಟ್ಟವಳಾದೆ ನಾನು. ನಿಮ್ಮಿಂದ."

ಅವಳು ಎದ್ದು ಒಳಗೆ ಹೋದಳು. ಸಕ್ಕರೆ ಕದಡುವ ಚಮಚದ ಸದ್ದು ಕೇಳಿತು. ಹೊರಗೆ ಬಂದಾಗ ಕೈಯ ತಟ್ಟೆಯಲ್ಲಿ ಲಿಂಬೆ ಶರಬತ್ತಿನ ಎರಡು ಲೋಟಗಳಿದ್ದವು. ಜಗಲಿ ದಾಟಿ, ಮೇಸ್ತ್ರಿಯನ್ನು ದಾಟಿ, ಬಾವಿಯ ಕಟ್ಟೆಗೆ ಹೋಗಿ ಒಂದನ್ನು ಮಗನ ಎಡಗೈಗೆ ಕೊಟ್ಟಳು. ಇನ್ನೊಂದನ್ನು ಭೋಜನ ಮುಂದೆ ಹಿಡಿದಳು. ಭೋಜ ಹಗ್ಗ ಬಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದವನು ಆಮೇಲೆ ಕುಡಿಯಲಾಗದೆ ನಿಂತ.

ತನಗೆ ಲೋಟ ಬರಲಿಲ್ಲ, ಬರುವುದೂ ಇಲ್ಲ, ಅದು ಸರಿ ಎಂದು ಮುದ್ದಣ್ಣನಿಗೆ ಅನಿಸಿತು. ಅವನು ಚೀಲದಿಂದ ಕೀಲು, ಮೊಳೆ ತೆಗೆದು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಹಲಗೆಯ ಮೇಲೆ ತಾನೇ ಬರೆದ 'ಮೂ' ಇತ್ತು. ಅದನ್ನು ನೋಡಿ, ಎದ್ದು ಹಿಂದೆ ಸರಿದು ಮನೆಯನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿ, ಮತ್ತೆ ಕುಳಿತು ಮೊದಲ ಮೊಳೆ ಹೊಡೆದ.